ಕೋಟೆ ಬಾಗಿಲಿನ ಕಾವಲುಗಾರನನ್ನು ದೋಷಮುಕ್ತಗೊಳಿಸುವ ಬಗ್ಗೆ

ಸ್ಮಾರಕಗಳ ಇಲಾಖೆಯ ಮಾನ್ಯ ನಿರ್ದೇಶಕರೇ,

ರಾಜಧಾನಿಯ ಹಳೆಯ ಕೋಟೆಯ ದೊಡ್ಡ ಬಾಗಿಲಿನ ಎಡಕ್ಕೆ ತಾವು ಎರಡು ವರ್ಷಗಳ ಹಿಂದೆ ನಿಲ್ಲಿಸಿದ ಕಪ್ಪು ಕಲ್ಲಿನ ಫಲಕದಲ್ಲಿ ಒಂದು ಸುಳ್ಳಿದೆ. ಅದನ್ನು ತೆಗೆಸಬೇಕೆಂದು ಕೋರಿ ತಮ್ಮ ಕಚೇರಿಗೆ ಈವರೆಗೆ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಅದು ಸುಳ್ಳೆಂದು ನಿಮಗೆ ಹೇಗೆ ಗೊತ್ತು ಎಂದು ತಮ್ಮವರು ನಾಲ್ಕು ಸಲವೂ ಕೇಳಿದರು. ನಾಲ್ಕು ಸಲವೂ ನಾನು ಒಂದೇ ಉತ್ತರ ಕೊಟ್ಟೆ. ಈಗ ಊರೆಲ್ಲ ಓದುವಂತೆ ಐದನೆಯ ಸಲ ಕೊಡುತ್ತಿದ್ದೇನೆ: ಆ ಸುಳ್ಳು ಹೇಳಿದವನು ನಾನು.

ಫಲಕವನ್ನು ಓದದವರಿಗಾಗಿ ಅದರ ಒಕ್ಕಣೆಯನ್ನು ಇಲ್ಲಿ ಬರೆಯುತ್ತೇನೆ. "ಮುತ್ತಿಗೆಯ ಹದಿನೇಳನೆಯ ದಿನ ಈ ಬಾಗಿಲಿನ ಕಾವಲುಗಾರನು ಒಂದು ಬಿಳಿ ಕುದುರೆಯ ಆಸೆಗೆ ಬಿದ್ದು ಶತ್ರುಗಳಿಗೆ ಕದ ತೆರೆದನು. ರಾಜಧಾನಿಯ ಪತನಕ್ಕೆ ಇದೇ ಕಾರಣವಾಯಿತು. ಆಧಾರ: ಸ್ಥಳೀಯ ಪರಂಪರೆ." ಇದಿಷ್ಟು ಎರಡು ಭಾಷೆಗಳಲ್ಲಿ, ಬಂಗಾರದ ಬಣ್ಣದ ಅಕ್ಷರಗಳಲ್ಲಿದೆ. ಕೆತ್ತನೆ ಚೆನ್ನಾಗಿದೆ, ಅದರಲ್ಲಿ ನಾನು ಕೊಂಕು ತೆಗೆಯಲಾರೆ. ಹದಿನೇಳನೆಯ ದಿನ ಎಂಬುದೊಂದು ಮಾತ್ರ ನನ್ನದಲ್ಲ. ನಾನು ಹೇಳುತ್ತಿದ್ದದ್ದು "ಒಂದೆರಡು ವಾರ ಕಳೆದ ಮೇಲೆ" ಎಂದು. ಹದಿನೇಳು ಎಲ್ಲಿಂದ ಬಂತೆಂದು ತಮ್ಮ ಇಲಾಖೆಯೇ ಹೇಳಬೇಕು.

ನಾನು ಇಪ್ಪತ್ತೊಂಬತ್ತು ವರ್ಷಗಳಿಂದ ಈ ಊರಿನ ಪ್ರೇಕ್ಷಣೀಯ ಸ್ಥಳಗಳನ್ನು ತೋರಿಸಿ ಹೊಟ್ಟೆ ಹೊರೆಯುತ್ತಿರುವ ಮಾರ್ಗದರ್ಶಿ. ತಮ್ಮದೇ ಸಹಿಯುಳ್ಳ ಪರವಾನಗಿ ನನ್ನ ಕೊರಳಲ್ಲಿ ತೂಗುತ್ತಿರುತ್ತದೆ. 'ಒಂದೇ ದಿನದಲ್ಲಿ ರಾಜಧಾನಿ' ಎಂಬ ಬಸ್ಸಿನಲ್ಲಿ ಮೈಕು ಹಿಡಿದು ನಿಲ್ಲುವವನು ನಾನು. ಎಂಟಕ್ಕೆ ಗಡಿಯಾರದ ಗೋಪುರ, ಒಂಬತ್ತಕ್ಕೆ ವಸ್ತುಸಂಗ್ರಹಾಲಯ, ಶಾಸನಸಭೆಯ ಕಟ್ಟಡ ಬಸ್ಸಿನ ಕಿಟಕಿಯಿಂದಲೇ, ಹನ್ನೊಂದೂವರೆಗೆ ಕೋಟೆ. ಅರಮನೆಯಲ್ಲಿ ಎಷ್ಟು ಕಂಬಗಳಿವೆ, ಗೋಪುರಕ್ಕೆ ಎಷ್ಟು ಮೆಟ್ಟಿಲು ಎಂಬುದೆಲ್ಲ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಪ್ರವಾಸಿಗರಿಗೆ ಕಂಬಗಳ ಲೆಕ್ಕ ಬೇಡ. ಹನ್ನೊಂದೂವರೆಯ ಬಿಸಿಲಿನಲ್ಲಿ ಕೋಟೆ ಬಾಗಿಲಿನ ಮುಂದೆ ಇಳಿದವರಿಗೆ ಬೇಕಾದದ್ದು ನೆರಳು, ನೀರು ಮತ್ತು ಟಿಕೆಟ್ಟು.

ಟಿಕೆಟ್ಟಿನ ವಿಷಯಕ್ಕೆ ಬಂದೆ. ಕೋಟೆಗೆ ಟಿಕೆಟ್ ಕೊಡುವ ಕಿಟಕಿ ಅಂದೂ ಒಂದೇ ಇತ್ತು, ಇಂದೂ ಒಂದೇ ಇದೆ. ಬಸ್ಸಿನ ಕ್ಲೀನರು ಹೋಗಿ ಸಾಲಿನಲ್ಲಿ ನಿಂತು ನಲವತ್ತು ಟಿಕೆಟ್ ತರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗುತ್ತದೆ. ಆ ಇಪ್ಪತ್ತು ನಿಮಿಷ ನಲವತ್ತು ಜನರನ್ನು ಒಂದೆಡೆ ಹಿಡಿದಿಡುವುದು ಮಾರ್ಗದರ್ಶಿಯ ಹಣೆಬರಹ. ಬಿಟ್ಟರೆ ಒಬ್ಬರು ಬಳೆ ಅಂಗಡಿಗೆ, ಇನ್ನೊಬ್ಬರು ಐಸ್‌ಕ್ರೀಮಿಗೆ ಹೋಗಿ, ಅವರನ್ನು ಹುಡುಕುವುದರಲ್ಲಿ ಕೋಟೆ ನೋಡುವ ಹೊತ್ತೇ ಮುಗಿಯುತ್ತದೆ. ಅದಕ್ಕಾಗಿ ನಮ್ಮಲ್ಲಿ ಪ್ರತಿಯೊಬ್ಬನೂ ಒಂದು 'ಕ್ಯೂ ಕಥೆ' ಇಟ್ಟುಕೊಂಡಿರುತ್ತಾನೆ. ಟಿಕೆಟ್ ಬರುವವರೆಗೆ ಹಿಗ್ಗಿಸಬಹುದಾದ, ಬಂದ ತಕ್ಷಣ ಮುಗಿಸಬಹುದಾದ ಕಥೆ. ಅದು ನಿಜವಾಗಿರಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಇಪ್ಪತ್ತಾರು ವರ್ಷಗಳ ಹಿಂದೆ, ನಾನಿನ್ನೂ ಈ ಕಸುಬಿಗೆ ಹೊಸಬನಾಗಿದ್ದಾಗ, ನಿವೃತ್ತ ಶಿಕ್ಷಕರ ಒಂದು ತಂಡ ಬಂದಿತ್ತು. ಜೀವನಪೂರ್ತಿ ಬೇರೆಯವರ ಬಾಯಿ ಮುಚ್ಚಿಸಿದವರು, ನನ್ನ ಮಾತಿಗೆ ಕಿವಿಗೊಡುತ್ತಾರೆಯೇ? ಒಬ್ಬರು ಆಕಳಿಸಿದರು, ಇನ್ನೊಬ್ಬರು ನನ್ನ ಇಸವಿಗಳನ್ನು ತಿದ್ದತೊಡಗಿದರು. ಕ್ಲೀನರ ಸುಳಿವಿಲ್ಲ. ದಿಕ್ಕು ತೋಚದೆ ಸುತ್ತ ನೋಡಿದೆ. ಸವಾರಿ ಗಾಡಿಗೆ ಕಟ್ಟಿದ ಒಂದು ಬಿಳಿ ಕುದುರೆ ಕಂದಕದ ಅಂಚಿನ ಹುಲ್ಲು ಮೇಯುತ್ತಿತ್ತು. "ಇಂಥದೇ ಒಂದು ಕುದುರೆಗೋಸ್ಕರ ಈ ಕೋಟೆ ಬಿತ್ತು" ಎಂದುಬಿಟ್ಟೆ. ನಲವತ್ತು ತಲೆಗಳು ಒಟ್ಟಿಗೆ ಕುದುರೆಯ ಕಡೆ ತಿರುಗಿದವು. ಆಮೇಲೆ ನಾನು ಮಾತು ನಿಲ್ಲಿಸಬೇಕಾಗಿಯೇ ಬರಲಿಲ್ಲ. ಕಾವಲುಗಾರ ಬಂದ, ಅವನ ದುರಾಸೆ ಬಂತು, ಕತ್ತಲಲ್ಲಿ ಶತ್ರುವಿನ ದೂತ ಬಂದ, ಟಿಕೆಟ್ಟೂ ಬಂತು. ಇಸವಿ ತಿದ್ದುತ್ತಿದ್ದ ಮೇಷ್ಟ್ರೇ ನನ್ನ ಬೆನ್ನು ತಟ್ಟಿ, "ಇದು ಯಾವ ಪುಸ್ತಕದಲ್ಲೂ ಇಲ್ಲ ನೋಡಪ್ಪ" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ.

ನನ್ನ ಬುರುಡೆ ಒಂದು ತಿಂಗಳಲ್ಲಿ ಉಳಿದ ಮಾರ್ಗದರ್ಶಿಗಳ ಬಾಯಿಗೂ ಹೋಯಿತು. ಒಳ್ಳೆಯ ಕ್ಯೂ ಕಥೆಯನ್ನು ಕದಿಯುವುದಕ್ಕೆ ನಮ್ಮಲ್ಲಿ ಯಾರೂ ನಾಚುವುದಿಲ್ಲ. ನನಗೂ ಹೆಮ್ಮೆಯೇ ಆಗಿತ್ತು. ಆ ಕಾವಲುಗಾರನಿಗೆ ಮಕ್ಕಳು ಮೊಮ್ಮಕ್ಕಳು ಇದ್ದಾರು, ಅವರು ಇದೇ ಊರಲ್ಲಿ ಉಸಿರಾಡುತ್ತಿದ್ದಾರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಥೆಯ ಮನುಷ್ಯನಿಗೆ ಸಂಸಾರ ಎಲ್ಲಿಂದ ಬರಬೇಕು?

ಎರಡು ವರ್ಷದ ನಂತರ ನನಗೆ ಮದುವೆಯಾಯಿತು. ಹುಡುಗಿಯ ತಂದೆ ಯಾರು ಗೊತ್ತೇ? ಪ್ರತಿದಿನ ಬೆಳಿಗ್ಗೆ ಆರಕ್ಕೆ ಕೋಟೆಯ ದೊಡ್ಡ ಬಾಗಿಲು ತೆರೆಯುತ್ತಿದ್ದ, ತಮ್ಮದೇ ಇಲಾಖೆಯ ನೌಕರ. ಬಿಸಿಲಲ್ಲಿ ನಿಂತ ನನಗೆ ಎಷ್ಟೋ ಸಲ ತಮ್ಮ ಚೊಂಬಿನ ನೀರು ಕೊಟ್ಟವರು. ಮಗಳನ್ನೂ ಕೊಟ್ಟರು. ಅವರ ಮನೆತನ ಏಳು ತಲೆಮಾರಿನಿಂದ ಆ ಬಾಗಿಲು ತೆರೆದು ಮುಚ್ಚುತ್ತ ಬಂದಿದೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ವಾರ, ಮಾವನ ಮನೆಯ ಪಡಸಾಲೆಯಲ್ಲಿ. ಅವರ ಮೂಲಪುರುಷ ಮುತ್ತಿಗೆಯ ಕಾಲದ ಕಾವಲುಗಾರ. ಮಾವ ಹೇಳಿದ ಕಥೆ ಇಷ್ಟು: ಅವನು ಬಾಗಿಲು ತೆರೆಯಲಿಲ್ಲ. ಶತ್ರುಗಳು ನಲವತ್ತು ಹೆಜ್ಜೆ ಆಚೆ ಗೋಡೆ ಒಡೆದು ಒಳಗೆ ಬಂದರು. ಬಂದು ನೋಡಿದರೆ ಈತ ಅಗುಳಿ ಹಾಕಿದ ಕದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅಲ್ಲೇ ಕೊಂದರು. ಮುತ್ತಿಗೆಯ ನಂತರ ಆ ಬಾಗಿಲು ಮೊದಲ ಸಲ ತೆರೆದದ್ದು ಅವನ ಹೆಣವನ್ನು ಹೊರಗೆ ತರುವುದಕ್ಕೆ, ತೆರೆದವನು ಅವನ ಮಗ.

ಅಂದಿನಿಂದ ನಾನು ಕುದುರೆಯ ಕಥೆ ಹೇಳಿಲ್ಲ. ಉಳಿದವರು ಬಿಡಲಿಲ್ಲ. ನಾನು ಬಿಡಿ ಎಂದರೆ, "ಯಾಕಪ್ಪ, ನೀನೊಬ್ಬನೇ ಇಟ್ಕೋಬೇಕಾ?" ಎಂದು ನಕ್ಕರು. ಮಾವ ತೀರಿಕೊಂಡರು, ಕೀಲಿ ನನ್ನ ಹೆಂಡತಿಯ ತಮ್ಮನ ಕೈಗೆ ಬಂತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕದವನ್ನು ಕಾಲಿನಿಂದ ತಳ್ಳಿದವನಲ್ಲ, ಹೆಗಲು ಕೊಟ್ಟು ತೆರೆಯುತ್ತಾನೆ. ವಾರಕ್ಕೊಮ್ಮೆ ತಿರುಗಣಿಗೆ ತಾನೇ ಎಣ್ಣೆ ಬಿಡುತ್ತಾನೆ. ಅವನ ಎದುರಿಗೆ ಮಾತ್ರ ಯಾವ ಮಾರ್ಗದರ್ಶಿಯೂ ಆ ಕಥೆ ಎತ್ತುತ್ತಿರಲಿಲ್ಲ, ಅಷ್ಟು ಮರ್ಯಾದೆ ನಮ್ಮಲ್ಲಿತ್ತು.

ಮೂರು ವರ್ಷದ ಹಿಂದೆ ತಮ್ಮ ಇಲಾಖೆಗೆ ಮೌಖಿಕ ಪರಂಪರೆಯನ್ನು ಉಳಿಸಬೇಕೆಂಬ ಸದ್ಬುದ್ಧಿ ಹುಟ್ಟಿತು. ಧ್ವನಿಮುದ್ರಣ ಯಂತ್ರ ಹಿಡಿದ ಸಮೀಕ್ಷಕರೊಬ್ಬರು ಬಂದರು. ಅವರು ಬಂದ ವಾರ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಮಲಗಿದ್ದೆ. ಆರು ಮಂದಿ ಮಾರ್ಗದರ್ಶಿಗಳನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದರಂತೆ. ಆರೂ ಜನ ಬಿಳಿ ಕುದುರೆಯನ್ನೇ ಹೇಳಿದರು. ಆರು ಸಾಕ್ಷಿಗಳಲ್ಲಿ ಒಂದೇ ಒಂದು ಭಿನ್ನಾಭಿಪ್ರಾಯ ಇಲ್ಲ ಎಂದು ವರದಿಯಲ್ಲಿ ಮೆಚ್ಚಿ ಬರೆದಿದ್ದಾರೆ. ಎಲ್ಲಿಂದ ಬರಬೇಕು ಭಿನ್ನಾಭಿಪ್ರಾಯ, ಮಾನ್ಯರೇ? ಆರೂ ಜನ ಕದ್ದದ್ದು ಒಂದೇ ಮನೆಯಲ್ಲಿ. ಇಪ್ಪತ್ತು ಹೆಜ್ಜೆ ದೂರದಲ್ಲಿ ಕೀಲಿ ಹಿಡಿದು ನಿಂತಿದ್ದವನನ್ನು ಮಾತ್ರ ಸಮೀಕ್ಷಕರು ಏನೂ ಕೇಳಲಿಲ್ಲ. ಅವನು ನೌಕರ, ಪರಂಪರೆಯಲ್ಲ.

ಫಲಕ ಬಂತು. ಅದರ ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳಲೆಂದು ಫೈಬರಿನ ಆಳೆತ್ತರದ ಬಿಳಿ ಕುದುರೆಯೂ ಬಂತು. ರಾಜಧಾನಿಯಲ್ಲಿ ನೋಡಲೇಬೇಕಾದ ಹನ್ನೆರಡು ಸ್ಥಳಗಳ ತಮ್ಮ ಪಟ್ಟಿಯಲ್ಲಿ ನಮ್ಮ ಬಾಗಿಲು ಒಂಬತ್ತರಿಂದ ನಾಲ್ಕಕ್ಕೆ ಏರಿತು. ಕುದುರೆ ಮತ್ತು ಫಲಕವನ್ನು ದಿನವೂ ಒರೆಸಿಡುವ ಕೆಲಸವನ್ನು ಲಿಖಿತ ಆದೇಶದ ಮೂಲಕ ಬಾಗಿಲು ತೆರೆಯುವವನಿಗೇ ವಹಿಸಲಾಯಿತು. ಅಂದರೆ ನನ್ನ ಭಾವಮೈದ ಬೆಳಿಗ್ಗೆ ಬಾಗಿಲು ತೆರೆದು, ಬಕೆಟ್ಟು ಬಟ್ಟೆ ತಂದು, ತನ್ನ ಮುತ್ತಾತನ ಮುತ್ತಾತ ದ್ರೋಹಿ ಎಂಬ ಅಕ್ಷರಗಳ ಸಂದಿನ ಧೂಳನ್ನು ಒಂದೊಂದಾಗಿ ತೆಗೆಯುತ್ತಾನೆ. ಇದನ್ನು ನೋಡುತ್ತ ನಾನು ಹನ್ನೊಂದೂವರೆಗೆ ಜನರನ್ನು ಕರೆತರುತ್ತೇನೆ. ಮೊದಮೊದಲು ಅವನು ನಗುತ್ತಿದ್ದ. "ಯಾರೋ ತಿಳೀದೋರು ಬರೆಸಿದಾರೆ ಬಿಡಿ ಭಾವ, ಹೇಳಿದ್ರೆ ಸರಿ ಮಾಡ್ತಾರೆ" ಎನ್ನುತ್ತಿದ್ದ. ಕಥೆ ಹುಟ್ಟಿದ್ದು ಎಲ್ಲಿ ಎಂದು ಅವನಿಗೆ ಆಗಲೇ ಹೇಳಬೇಕಿತ್ತು. ಹೇಳುವ ಧೈರ್ಯ ಬರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು, ಕೈ ನಿಂತಿತು.

"ಬುರುಡೆ ಬಿಡೋಕೆ ನಿಮಗೆ ನಮ್ಮ ಮನೇನೇ ಬೇಕಿತ್ತಾ?"

"ಆಗ ನನಗೆ ನೀವು ಯಾರೂ ಗೊತ್ತಿರಲಿಲ್ಲ ಕಣೆ."

"ಗೊತ್ತಾದ ಮೇಲೆ ಇಪ್ಪತ್ತೆರಡು ವರ್ಷ ಆಗಿತ್ತಲ್ಲ, ಆಗ ಏನ್ ಮಾಡ್ತಿದ್ರಿ?"

ಮೂರನೆಯ ದಿನ ಅವಳು ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟು, "ನಡೆದಿದ್ದು ನಡೆದ ಹಾಗೆ ಬರೆದು ಕೊಡಿ" ಎಂದಳು. ಅದೇ ನನ್ನ ಮೊದಲ ಅರ್ಜಿ.

ಅದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ ನನ್ನ ಬಳಿ ಜೋಪಾನವಾಗಿದೆ. "ಸ್ಥಳೀಯ ಪರಂಪರೆಯನ್ನು ಅಲ್ಲಗಳೆಯಲು ತಮ್ಮ ಬಳಿ ಇರುವ ದಾಖಲೆಗಳನ್ನು ಸಲ್ಲಿಸುವುದು." ನಾನೇ ಆ ಪರಂಪರೆ, ನನ್ನನ್ನು ನಾನು ಅಲ್ಲಗಳೆಯಲು ಯಾವ ದಾಖಲೆ ಬೇಕು? ಆದರೂ ಎರಡನೆಯ ಅರ್ಜಿಯಲ್ಲಿ ಒಡೆದ ಗೋಡೆಯ ಬಗ್ಗೆ ಬರೆದೆ. ಮಾವನ ಕಥೆಯೂ ಒಂದು ಕಥೆಯೇ ಎನ್ನಿ, ಒಪ್ಪುತ್ತೇನೆ. ಆದರೆ ಅದರ ಬೆನ್ನಿಗೆ ಒಂದು ಗೋಡೆಯಿದೆ, ನನ್ನದರ ಬೆನ್ನಿಗೆ ಟಿಕೆಟ್ಟಿನ ಸಾಲು ಮಾತ್ರ ಇದೆ. ಬಾಗಿಲಿನಿಂದ ನಲವತ್ತು ಹೆಜ್ಜೆ ದೂರದಲ್ಲಿ, ಎರಡಾಳು ಅಗಲದಷ್ಟು ಜಾಗದಲ್ಲಿ, ಬೇರೆ ಬಣ್ಣದ ಕಲ್ಲು ಅಡ್ಡಾದಿಡ್ಡಿಯಾಗಿ ತುಂಬಿದ್ದು ನಾನೇ ಕಣ್ಣಾರೆ ಕಂಡಿದ್ದೇನೆ. ತಾವು ಕಾಣಲಾರಿರಿ. ಆರು ವರ್ಷದ ಹಿಂದೆ ಆ ಗೋಡೆಗೆ ಆನಿಸಿ ಪ್ರವಾಸಿಗರ ಶೌಚಾಲಯ ಕಟ್ಟಿ, ಒಳಗೆಲ್ಲ ಬಿಳಿ ಟೈಲ್ಸು ಹಚ್ಚಿಸಿದ್ದೀರಿ. ಒಬ್ಬ ಮನುಷ್ಯನ ಮಾನ ಉಳಿಸುವ ಸಾಕ್ಷಿ ಗಂಡಸರ ವಿಭಾಗದ ಮೂರನೆಯ ಬೇಸಿನ್ನಿನ ಹಿಂದಿದೆ. ಟೈಲ್ಸು ಕೀಳಿಸಿ ನೋಡಿ ಎಂದು ಬರೆದಿದ್ದಕ್ಕೆ, ಸಾರ್ವಜನಿಕ ಸೌಲಭ್ಯಕ್ಕೆ ಹಾನಿಯಾಗುವ ಕಾರಣ ಸಾಧ್ಯವಿಲ್ಲ ಎಂಬ ಉತ್ತರ ಬಂತು.

ಸರಿ, ಕಲ್ಲನ್ನು ಅಳಿಸಲು ಆಗದಿದ್ದರೆ ಬಾಯಿಂದಲಾದರೂ ಸರಿಪಡಿಸೋಣ ಎಂದುಕೊಂಡೆ. ಒಂದು ದಿನ, ಭಾವಮೈದ ರಜೆಯಲ್ಲಿದ್ದಾಗ, ಫಲಕದ ಮುಂದೆ ನಿಂತು, "ಇದು ನಿಜವಲ್ಲ, ಇದನ್ನು ಕಟ್ಟಿದವನು ನಾನು" ಎಂದು ನಲವತ್ತು ಜನರಿಗೆ ಹೇಳಿದೆ. ಅವರು ಫಲಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫಲಕ ನೋಡಿದರು. ಒಬ್ಬರು ತಮಗೆ ದೂರು ಬರೆದರು. ಪರವಾನಗಿಯ ಹದಿನಾಲ್ಕನೆಯ ಷರತ್ತಿನ ಪ್ರಕಾರ ಮಾರ್ಗದರ್ಶಿಯು ಇಲಾಖೆಯ ಅಧಿಕೃತ ಮಾಹಿತಿಗೆ ವಿರುದ್ಧವಾಗಿ ಮಾತನಾಡತಕ್ಕದ್ದಲ್ಲ. ಇತಿಹಾಸವನ್ನು ತಿರುಚಿದ ಆರೋಪದ ಮೇಲೆ ನನ್ನನ್ನು ಹದಿನೈದು ದಿನ ಕೆಲಸದಿಂದ ಹೊರಗಿಟ್ಟಿರಿ. ಇಪ್ಪತ್ತಾರು ವರ್ಷದ ಹಿಂದೆ ನಿಜವಾಗಿ ತಿರುಚಿದಾಗ ಒಂದು ದಿನವಾದರೂ ಹೀಗೆ ಹೊರಗಿಟ್ಟಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು. ಮೂರನೆಯ ಅರ್ಜಿಯಲ್ಲಿ ಇದನ್ನೇ ಬರೆದೆ. ಅದಕ್ಕೆ ಲಿಖಿತ ಉತ್ತರ ಬರಲೇ ಇಲ್ಲ.

ನಾಲ್ಕನೆಯ ಅರ್ಜಿಗೆ ಭಾವಮೈದನನ್ನೂ ಜೊತೆಗೆ ಕರೆದುಕೊಂಡು ಬಂದೆ. ನಾನು ಮಾಡಿದ ತಪ್ಪುಗಳಲ್ಲಿ ಮೊದಲನೆಯದು ಬಿಳಿ ಕುದುರೆ, ಎರಡನೆಯದು ಇದು. ಅಧಿಕಾರಿಯ ಎದುರಿಗೇ ಅವನ ಮುಂದೆ ಒಪ್ಪಿಕೊಂಡುಬಿಟ್ಟರೆ ಎರಡು ಕಡೆಯ ತಪ್ಪೊಪ್ಪಿಗೆಯೂ ಒಟ್ಟಿಗೆ ಮುಗಿಯುತ್ತದೆ ಎಂದು ನನ್ನ ಲೆಕ್ಕಾಚಾರ. ಈ ಕಡತ ನೋಡಿಕೊಳ್ಳುವ ತಮ್ಮ ವಿಷಯ ನಿರ್ವಾಹಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಬರಬಹುದಿತ್ತು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ನನ್ನ ತಪ್ಪೊಪ್ಪಿಗೆಯನ್ನು ಗಟ್ಟಿಯಾಗಿ ಓದಿ ಕನ್ನಡಕ ತೆಗೆದಿಟ್ಟರು.

"ಸಂಬಂಧದೋರಿಗೋಸ್ಕರ ತಪ್ಪನ್ನ ಮೈಮೇಲೆ ಹಾಕ್ಕೋತಿದೀರ. ನಿಮ್ಮದು ದೊಡ್ಡ ಮನಸ್ಸು, ನನಗೆ ಅರ್ಥ ಆಗತ್ತೆ."

"ಇಲ್ಲ ಸರ್, ನಿಜವಾಗ್ಲೂ ನಾನೇ ಕಟ್ಟಿದ್ದು."

"ಇರಲಿ ಬಿಡಿ. ನೀವೇ ಯೋಚನೆ ಮಾಡಿ, ಊರು ಗೆದ್ದೋರು ಬಾಗಿಲ ಕೆಲಸಾನ ಅದೇ ಮನೆತನಕ್ಕೆ ಯಾಕೆ ಬಿಟ್ರು? ತಮಗೆ ಎದುರು ನಿಂತು ಸತ್ತೋನ ಮಗನ ಕೈಗೆ ಯಾರಾದ್ರೂ ಕೀಲಿ ಕೊಡ್ತಾರಾ? ಏನೋ ಒಂದು ಉಪಕಾರ ಆಗಿರ್ಲೇಬೇಕು." ಹೀಗೆಂದು ಭಾವಮೈದನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಪ್ಪ, ಅದು ಯಾವ ಕಾಲದ್ದೋ. ನಿನ್ನ ಸರ್ವಿಸ್ ಬುಕ್ಕಿಗೆ ಏನೂ ತೊಂದ್ರೆ ಇಲ್ಲ" ಎಂದರು.

ಅವನ ಚಹಾ ಹಾಗೇ ಆರಿಹೋಯಿತು. ಏಳು ತಲೆಮಾರಿನ ಕೆಲಸ ಅವನ ಮನೆಗೆ ಇದ್ದ ಒಂದೇ ಹೆಮ್ಮೆ. ಅದನ್ನೇ ತಮ್ಮ ಕಚೇರಿ ಎರಡು ನಿಮಿಷದಲ್ಲಿ, ನಯವಾದ ಮಾತಿನಲ್ಲಿ, ಲಂಚವಾಗಿ ಬದಲಾಯಿಸಿ ಅವನ ಕೈಗೆ ಕೊಟ್ಟಿತು. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು. ಬಸ್ಸು ಬಂದಾಗ, "ಅವ್ರು ಹೇಳೋದ್ರಲ್ಲೂ ಅರ್ಥ ಇದೆ ಅಲ್ವಾ ಭಾವ?" ಎಂದ.

ಆಮೇಲಿನ ವಿಷಯ ತಮಗೂ ಗೊತ್ತಿರಬೇಕು, ಏಕೆಂದರೆ ಕಾಗದ ತಮ್ಮ ಮೇಜಿನ ಮೇಲೇ ಇದೆ. ತನ್ನನ್ನು ಬಾಗಿಲಿನ ಕೆಲಸದಿಂದ ಬಿಡಿಸಿ ವಸ್ತುಸಂಗ್ರಹಾಲಯದ ಚಪ್ಪಲಿ ಕಾಯುವ ಜಾಗಕ್ಕೆ ಹಾಕಬೇಕೆಂದು ಅವನು ಅರ್ಜಿ ಕೊಟ್ಟಿದ್ದಾನೆ. ಕಾರಣದ ಜಾಗದಲ್ಲಿ "ಹಿರಿಯರು ಮಾಡಿದ ಕೆಲಸಕ್ಕೆ ನಾಚಿ" ಎಂದು ಬರೆದಿದ್ದಾನೆ. ಇಲಾಖೆಗೆ ಇಂಥ ಕಾರಣ ಹಿಂದೆ ಬಂದಿರಲಿಲ್ಲವೆಂದೂ, ಆದರೆ ಒಪ್ಪಲು ಅಡ್ಡಿಯಿಲ್ಲವೆಂದೂ ತಮ್ಮ ಕಚೇರಿಯಲ್ಲಿ ಟಿಪ್ಪಣಿಯಾಗಿದೆಯಂತೆ. ಈ ನಡುವೆ ಯಾರಾದರೂ ಪ್ರವಾಸಿಗರು, "ಆ ಕಾವಲುಗಾರನ ವಂಶದವರು ಈಗಲೂ ಇದಾರಾ?" ಎಂದು ಕೇಳಿದರೆ ಅವನೇ ಮುಂದೆ ಬಂದು, "ನಾನೇ, ತಪ್ಪಾಯ್ತು" ಎನ್ನುತ್ತಾನೆ. ಜನ ನಗುತ್ತಾರೆ, ಕುದುರೆಯ ಪಕ್ಕ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಅವನು ನಿಲ್ಲುತ್ತಾನೆ. ನಾನು ಅಲ್ಲೇ ಮೈಕು ಹಿಡಿದುಕೊಂಡು, ಷರತ್ತು ಹದಿನಾಲ್ಕನ್ನು ಕೊರಳಿಗೆ ಕಟ್ಟಿಕೊಂಡು, ನೆಲ ನೋಡುತ್ತ ಇರುತ್ತೇನೆ.

ಮೊನ್ನೆ ಮಧ್ಯಾಹ್ನ ಅವನು ಬುತ್ತಿ ಬಿಚ್ಚಿ ಕೂತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ. ಶಿಕ್ಷಕರ ತಂಡ, ಟಿಕೆಟ್ ಸಾಲು, ಹುಲ್ಲು ಮೇಯುತ್ತಿದ್ದ ಕುದುರೆ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕುದುರೆ ನಿಂತಿದ್ದ ಜಾಗವನ್ನೂ ಬೆರಳು ಮಾಡಿ ತೋರಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

"ಅಕ್ಕ ಹೇಳಿ ಕಳಿಸಿರ್ತಾಳೆ" ಎಂದ.

"ಅಕ್ಕ ಅಲ್ಲ ಕಣೋ, ನಾನೇ ಬಂದೆ. ನಡೆದಿದ್ದೇ ಹೇಳ್ತಿದೀನಿ."

"ನೀವು ಕಥೆ ಕಟ್ಟೋದ್ರಲ್ಲಿ ಎತ್ತಿದ ಕೈ ಭಾವ, ನನಗೆ ಗೊತ್ತಿಲ್ವಾ? ನನ್ನ ಸಮಾಧಾನಕ್ಕೆ ಇದನ್ನೂ ಕಟ್ಟಿದೀರ." ನನ್ನ ಕೈ ಮೇಲೆ ಕೈಯಿಟ್ಟ, ಅವನ ಕಣ್ಣು ತುಂಬಿತ್ತು. "ಸರಕಾರದೋರು ವಿಚಾರಿಸದೆ ಕಲ್ಲಲ್ಲಿ ಬರೆಸ್ತಾರಾ? ಅಪ್ಪನೂ ಪಾಪ, ನಮಗೋಸ್ಕರ ಏನೋ ಒಂದು ಹೇಳ್ತಿದ್ರು ಅನ್ಸತ್ತೆ."

ಮಾನ್ಯರೇ, ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನನ್ನ ಸುಳ್ಳನ್ನು ಊರು ನಂಬಿತು, ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಈಗ ಆ ಸುಳ್ಳು ಸತ್ತುಹೋದ ನನ್ನ ಮಾವನನ್ನೂ ಸುಳ್ಳುಗಾರನನ್ನಾಗಿ ಮಾಡಿದೆ, ಅದೂ ಅವರ ಸ್ವಂತ ಮಗನ ಬಾಯಲ್ಲಿ. ಇದನ್ನು ಸರಿಪಡಿಸುವ ಶಕ್ತಿ ನನಗಿಲ್ಲ. ಇಪ್ಪತ್ತೊಂಬತ್ತು ವರ್ಷ ಮಾತಾಡಿಯೇ ಬದುಕಿದವನು ನಾನು, ನನ್ನ ಬಳಿ ಇನ್ನು ಮಾತು ಉಳಿದಿಲ್ಲ. ಕೈಮುಗಿದು ಕೇಳುವುದೊಂದೇ ಉಳಿದಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಶೌಚಾಲಯ ಒಡೆಸಬೇಡಿ. ಕುದುರೆ ಇರಲಿ, ಮಕ್ಕಳು ಅದರ ಮೇಲೆ ಹತ್ತಿ ಖುಷಿಪಡುತ್ತಾರೆ. ಪಟ್ಟಿಯ ನಾಲ್ಕನೆಯ ಸ್ಥಾನವೂ ಇರಲಿ. ಬೇಕಿದ್ದರೆ ನನ್ನ ಪರವಾನಗಿ ಕಿತ್ತುಕೊಳ್ಳಿ, ನಾನು ಒಂದು ಮಾತೂ ಆಡುವುದಿಲ್ಲ. ಆ ಫಲಕದ ಕೆಳಗೆ ಅಂಗೈ ಅಗಲದ ಇನ್ನೊಂದು ಕಲ್ಲು ಕೂರಿಸಿ, ಅದೇ ಬಂಗಾರದ ಬಣ್ಣದಲ್ಲಿ 'ಕಾವಲುಗಾರನು ಬಾಗಿಲು ತೆರೆದದ್ದಕ್ಕೆ ಆಧಾರವಿಲ್ಲ' ಎಂದು ಕೆತ್ತಿಸಿಕೊಡಿ. ಅದು ಆಗುವವರೆಗೆ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಬೇಡಿ, ಏಕೆಂದರೆ ಅವನು ಚಪ್ಪಲಿ ಕಾಯಲು ಹೋದರೆ ಆ ಕಲ್ಲು ಯಾರಿಗಾಗಿ? ಪ್ರವಾಸಿಗರು ಅದನ್ನು ಓದುವುದಿಲ್ಲ, ಅವರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ. ತಮ್ಮ ಇಲಾಖೆಯ ಫಲಕವನ್ನು ಮೊದಲಿನಿಂದ ಕೊನೆಯವರೆಗೆ, ಅಕ್ಷರ ಬಿಡದೆ, ದಿನಾ ಬೆಳಿಗ್ಗೆ ಓದುವವನು ಈ ಊರಿನಲ್ಲಿ ಒಬ್ಬನೇ ಇದ್ದಾನೆ.

ಇಂತಿ,
ನಿಜ ಹೇಳಿದ ದಿನ ಸ್ವಂತ ಭಾವಮೈದನೂ ನಂಬದ,
ತಮ್ಮ ಇಲಾಖೆಯ ಪರವಾನಗಿ ಪಡೆದ ಮಾರ್ಗದರ್ಶಿ